ರಾಮದುರ್ಗದ ಗುಡ್ಡಕ್ಕೆ ಯಾವ ಗಿಡ?

ಕಿತ್ತೂರಿನಿಂದ ಹೊರಟು ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗ ಮುಟ್ಟುವ ಹಾದಿ ನೂರು ಕಿಲೋಮೀಟರಿನ ಆಸುಪಾಸಿನದು. ಅಷ್ಟರಲ್ಲೇ ನೆಲ ಮೂರು ಸಲ ಬಣ್ಣ ಬದಲಿಸುತ್ತದೆ. ಕಿತ್ತೂರಿನ ಕಡೆ ಮಲೆನಾಡಿನ ಸೆರಗು. ಸಾಗವಾನಿ, ಮತ್ತಿ, ಬಿದಿರು ಇನ್ನೂ ಕಣ್ಣಿಗೆ ಬೀಳುತ್ತವೆ. ಬೈಲಹೊಂಗಲದ ಎರಿಹೊಲಗಳ ಬದುವಿನ ಮೇಲೆ ಕರಿಜಾಲಿ, ಬೇವು. ಸವದತ್ತಿ ಬಂದರೆ ಕಲ್ಲುಗುಡ್ಡಗಳ ಸಾಲು ಶುರು. ನವಿಲುತೀರ್ಥದ ಬಳಿ ಮಲಪ್ರಭೆ ಆ ಮರಳುಗಲ್ಲಿನ ಗುಡ್ಡವನ್ನು ಸೀಳಿಕೊಂಡು ಹೊರಬರುತ್ತಾಳೆ. ಅಲ್ಲಿಂದ ಮುಂದೆ ರಾಮದುರ್ಗದ ಸುತ್ತ ಮಡ್ಡಿ, ಗುಡ್ಡ, ಮುಳ್ಳುಕಂಟಿ, ಒಣಹುಲ್ಲು. ಜಿಲ್ಲೆ ಒಂದೇ, ಬೆಳಗಾವಿ. ಆದರೆ ಮಲಪ್ರಭೆ ಹುಟ್ಟುವ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಳೆಗಾಲವಿಡೀ ಕೊಡೆ ಮಡಚುವಂತಿಲ್ಲ. ಅದೇ ಹೊಳೆ ರಾಮದುರ್ಗಕ್ಕೆ ಬರುವಷ್ಟರಲ್ಲಿ ವರ್ಷದ ಮಳೆ ಅದರ ಒಂದು ಸಣ್ಣ ಪಾಲಿಗೆ ಇಳಿದಿರುತ್ತದೆ.

ವನಮಹೋತ್ಸವದ ದಿನ ಟ್ರ್ಯಾಕ್ಟರಿನಿಂದ ಇಳಿಯುವ ಸಸಿಗಳಿಗೆ ಈ ವ್ಯತ್ಯಾಸ ತಿಳಿಯದು. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ. ಎಂ. ಮುನ್ಷಿ ಶುರುಮಾಡಿದ ಈ ಹಬ್ಬ ದೇಶದ ಎಲ್ಲ ಊರುಗಳಲ್ಲೂ ಜುಲೈ ಮೊದಲ ವಾರಕ್ಕೇ ಬರುತ್ತದೆ, ಎಷ್ಟೋ ಕಡೆ ಅವೇ ಗಿಡಗಳನ್ನು ಹೊತ್ತುಕೊಂಡೇ ಬರುತ್ತದೆ. ಕೆಂಪು ಹೂವಿನ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಸುಬಾಬುಲ್ ಮೆಕ್ಸಿಕೋದ್ದು. ಗೊಬ್ಬರದ ಗಿಡವೆಂದು ಬದುವಿಗೆ ಹಚ್ಚುವ ಗ್ಲಿರಿಸಿಡಿಯಾ ಮಧ್ಯ ಅಮೆರಿಕದ್ದು. ಅಕೇಶಿಯಾ, ನೀಲಗಿರಿ ಎರಡೂ ಆಸ್ಟ್ರೇಲಿಯಾದ ಕಡೆಯವು. ಇತ್ತೀಚೆಗೆ ಬಂಗಲೆಗಳ ಕಾಂಪೌಂಡಿಗೂ ಹೆದ್ದಾರಿಯ ನಡುವಿನ ಪಟ್ಟಿಗೂ ದಟ್ಟ ಹಸಿರು ಗೋಡೆಯಂತೆ ಬೆಳೆಸುತ್ತಿರುವ ಕೊನೊಕಾರ್ಪಸ್ ಕೂಡ ಹೊರದೇಶದ್ದೇ. ಅದನ್ನು ಅರಣ್ಯದಲ್ಲೂ ಹೊರಗೂ ನೆಡಬಾರದೆಂದು ಗುಜರಾತ್ ಸರ್ಕಾರ 2023ರಲ್ಲಿ ಆದೇಶವನ್ನೇ ಹೊರಡಿಸಿತು.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂಬ ವಾದ ಇಲ್ಲಿಲ್ಲ. ಹಾಗೆ ಹಟ ಹಿಡಿದರೆ ರೊಟ್ಟಿಯ ಜೊತೆಗಿನ ಮೆಣಸಿನಕಾಯಿ, ಶೇಂಗಾ ಚಟ್ನಿ ಎರಡನ್ನೂ ತಾಟಿನಿಂದ ಎತ್ತಿಡಬೇಕಾಗುತ್ತದೆ. ಗುಡ್ಡದ ತುಂಬ ತಾನಾಗಿ ಬೆಳೆದು ನಮ್ಮದೇ ಎನ್ನಿಸಿಕೊಂಡಿರುವ ಸೀತಾಫಲದ ತವರು ಅಮೆರಿಕ ಖಂಡ, ಹುಣಸೆಯದು ಆಫ್ರಿಕ. ಪ್ರಶ್ನೆ ಬೇರೆ. ಒಂದು ತುಂಡು ನೆಲವನ್ನು ಹಸಿರು ಮಾಡಲು ಹೊರಟಾಗ ಆ ಹಸಿರನ್ನು ತಿನ್ನುವವರು, ಅದರಲ್ಲಿ ಗೂಡು ಕಟ್ಟುವವರು, ಅದರ ಬೀಜ ಹೊತ್ತೊಯ್ಯುವವರು ಆ ಊರಿನಲ್ಲಿ ಇದ್ದಾರೆಯೇ ಎಂಬುದು.

ಈ ಪ್ರಶ್ನೆ ಕೇಳುವ ಮೊದಲು ಇನ್ನೊಂದು ತಪ್ಪು ಲೆಕ್ಕವನ್ನು ತಿದ್ದಬೇಕು. ರಾಮದುರ್ಗದ ಗುಡ್ಡಗಳನ್ನು ಬೇಸಿಗೆಯಲ್ಲಿ ನೋಡಿದವರು ಬೋಳು ಎನ್ನುತ್ತಾರೆ. ಸರ್ಕಾರಿ ದಾಖಲೆಗಳಲ್ಲೂ ಇಂಥ ಕುರುಚಲು ಮತ್ತು ಹುಲ್ಲುನೆಲಕ್ಕೆ ಬೀಳುಭೂಮಿ ಎಂಬ ಹಣೆಪಟ್ಟಿ ಬಿದ್ದಿದೆ. ಬ್ರಿಟಿಷರ ಕಾಲದಲ್ಲಿ ಕಂದಾಯವಾಗಲಿ ಮರಮಟ್ಟಾಗಲಿ ತಾರದ ನೆಲ ಬೀಳೆನಿಸಿಕೊಂಡಿತು, ಆ ಹೆಸರು ಹಾಗೇ ಉಳಿಯಿತು. ಎಂ. ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಎಂಬ ಪರಿಸರ ವಿಜ್ಞಾನಿಗಳು ಉಪಗ್ರಹ ಚಿತ್ರಗಳ ನೆರವಿನಿಂದ ದೇಶದ ಇಂಥ ಬಯಲು ನೆಲಗಳ ನಕಾಶೆ ತಯಾರಿಸಿದರು. ಸುಮಾರು 3 ಲಕ್ಷ ಚದರ ಕಿಲೋಮೀಟರ್, ಅಂದರೆ ದೇಶದ ನೆಲದ ಹತ್ತರಲ್ಲಿ ಒಂದು ಪಾಲು ಹುಲ್ಲುಗಾವಲು, ಕುರುಚಲು, ಕಲ್ಲುಬಯಲು ಎಂದು ಅದು ತೋರಿಸಿತು. ಇವು ಕಾಡು ಕಡಿದು ಉಳಿದ ಬರಿಜಾಗಗಳಲ್ಲ. ಎಷ್ಟೋ ಕಡೆ ನೆಲದ ಸಹಜ ರೂಪವೇ ಅದು. ತೋಳ, ನರಿ, ಚಿಗರಿಗಳಿಗೆ ಅದೇ ಮನೆ, ಕುರಿಗಾರರಿಗೆ ಅದೇ ಮೇವು.

ರಾಮದುರ್ಗದ ಪೂರ್ವಕ್ಕಿರುವ ಬಾಗಲಕೋಟೆ ಜಿಲ್ಲೆ ಇದಕ್ಕೆ ಒಳ್ಳೆಯ ಸಾಕ್ಷಿ ಒದಗಿಸಿದೆ. ಬೀಳಗಿ, ಮುಧೋಳ ತಾಲೂಕುಗಳ ಕುರುಚಲು ಗುಡ್ಡಗಳಲ್ಲಿ ಚಿಂಕಾರಗಳಿರುವುದು ಗೊತ್ತಾದ ಮೇಲೆ 2016ರಲ್ಲಿ ಸುಮಾರು 96 ಚದರ ಕಿಲೋಮೀಟರ್ ಪ್ರದೇಶವನ್ನು ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಚಿಂಕಾರ ಅಂದರೆ ರಾಜಸ್ಥಾನದ ಮರಳುಗಾಡೇ ನೆನಪಾಗುವುದು ಸಹಜ. ಈ ನಾಜೂಕು ಪ್ರಾಣಿ ಇಲ್ಲಿ ಉಳಿದುಕೊಂಡದ್ದು ದಟ್ಟ ಕಾಡು ಇದ್ದುದರಿಂದಲ್ಲ, ಇಲ್ಲದಿದ್ದುದರಿಂದ. ಆ ಗುಡ್ಡಗಳಿಗೆ ಯಾರಾದರೂ ಹುಮ್ಮಸ್ಸಿನಿಂದ ಲಕ್ಷಗಟ್ಟಲೆ ಸಸಿ ನೆಟ್ಟಿದ್ದರೆ ಧಾಮ ಮಾಡಲು ಪ್ರಾಣಿಯೇ ಇರುತ್ತಿರಲಿಲ್ಲ.

ಹಾಗಾದರೆ ಈ ಕಂಟಿಗಳಲ್ಲಿ ಏನಿದೆ?

ಬಾರಿಯಿಂದ ಶುರುಮಾಡಬಹುದು. ರಾಮದುರ್ಗ ತಾಲೂಕಿನ ಸುರೇಬಾನದ ಬಳಿ ಶಬರಿಕೊಳ್ಳವಿದೆ. ಶಬರಿ ತಾನು ರುಚಿ ನೋಡಿದ ಹಣ್ಣನ್ನು ರಾಮನಿಗೆ ಕೊಟ್ಟದ್ದು ಇಲ್ಲೇ ಎಂಬುದು ಊರಿನ ನಂಬಿಕೆ. ಕಥೆಯ ಹಣ್ಣು ಮಾವಲ್ಲ, ಬಾಳೆಯಲ್ಲ, ಬಾರಿಹಣ್ಣು. ಕಲ್ಲುಗುಡ್ಡದ ಕೊಳ್ಳದಲ್ಲಿ ವಾಸವಿದ್ದ ಮುದುಕಿಯ ಕೈಗೆ ಸಿಗುವ ಹಣ್ಣೇ ಅದು. ಮಾರ್ಗಶಿರದಲ್ಲಿ ಗೊಡಚಿಯ ವೀರಭದ್ರೇಶ್ವರ ಜಾತ್ರೆ ನಡೆಯುವ ದಿನಗಳಲ್ಲಿ ಗುಡ್ಡದ ಅಂಚಿನ ಬಾರಿ ಗಿಡಗಳಲ್ಲಿ ಕಾಯಿ ಬಲಿಯುತ್ತಿರುತ್ತವೆ. ಮೇವೆಲ್ಲ ಒಣಗುವ ಹೊತ್ತಿಗೆ ಹಣ್ಣು ಕೊಡುವುದು ಈ ಗಿಡದ ದೊಡ್ಡ ಗುಣ. ನರಿ ತಿನ್ನುತ್ತದೆ, ಪಿಕಳಾರ ತಿನ್ನುತ್ತದೆ, ಶಾಲೆಗೆ ಹೋಗುವ ಹುಡುಗರು ತಿನ್ನುತ್ತಾರೆ. ಬೀಜ ಗುಡ್ಡದ ತುಂಬ ಹರಡುತ್ತದೆ. ಎಲೆ ಆಡಿಗೆ. ಕೊಂಬೆ ಹೊಲದ ಬೇಲಿಗೆ. ಬಾರಿ ಮುಳ್ಳಿನ ಬೇಲಿಯೊಳಗೆ ನುಗ್ಗುವ ದನ ಇನ್ನೂ ಹುಟ್ಟಿಲ್ಲ.

ಅದರ ತಮ್ಮನಂತಿರುವ ಪರಗಿ, ಬೇಸಿಗೆಗೆ ಹಣ್ಣಾಗುವ ಕವಳಿ, ಹೊಲದ ಮೂಲೆಯ ಬಳೂಲ, ಹಳ್ಳದ ದಂಡೆಯ ಲಕ್ಕಿ, ಫಾಲ್ಗುಣದಲ್ಲಿ ಎಲೆಯಿಲ್ಲದೆ ಹೊತ್ತಿ ಉರಿದಂತೆ ಹೂ ಬಿಡುವ ಮುತ್ತಲ, ವರ್ಷದ ಬಹುಪಾಲು ಹಳದಿ ಹೂ ಹೊತ್ತು ನಿಲ್ಲುವ ಆವರಿಕೆ. ಆವರಿಕೆಯನ್ನು ದನ ಮುಟ್ಟುವುದಿಲ್ಲ, ಅದಕ್ಕೇ ಮೇದು ಸವೆದ ಗಾಯರಾಣದಲ್ಲೂ ಅದು ಉಳಿದಿರುತ್ತದೆ. ದನ ಮುಟ್ಟದ ಎಲೆಯನ್ನು ತಿಳಿಬಿಳುಪಿನ ವಲಸೆ ಚಿಟ್ಟೆಯ ಹುಳು ತಿನ್ನುತ್ತದೆ. ಎಕ್ಕೆಯ ಕಥೆಯೂ ಹಾಗೇ. ಹಾಲು ಸೋರುವ ಆ ಎಲೆಯ ಮೇಲೆ ಕಿತ್ತಳೆ ಬಣ್ಣದ ಹುಲಿಚಿಟ್ಟೆ ಮೊಟ್ಟೆಯಿಡುತ್ತದೆ. ಹುಳು ಎಕ್ಕೆಯ ವಿಷವನ್ನೇ ಮೈಗೇರಿಸಿಕೊಂಡು ಬೆಳೆಯುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಎಕ್ಕೆಯ ಗಟ್ಟಿ ಹೂವನ್ನು ಬಿಡಿಸಿ ಪರಾಗ ಒಯ್ಯುವ ಶಕ್ತಿ ಇರುವುದು ಕರಿಯ ಮರದುಂಬಿಗೆ. ಇಂಥ ಒಪ್ಪಂದಗಳು ಒಂದೆರಡು ವರ್ಷಕ್ಕೆ ಆಗುವುವಲ್ಲ, ಸಾವಿರಾರು ವರ್ಷ ಒಂದೇ ನೆಲದಲ್ಲಿ ಕೂಡಿ ಬಾಳಿದ್ದರಿಂದ ಆದವು.

ನೀಲಗಿರಿಗೆ ಇಲ್ಲಿ ಅಂಥ ಒಕ್ಕಲುಗಳಿಲ್ಲ. ಅದರ ಎಲೆಯ ಎಣ್ಣೆಯ ಘಾಟಿಗೆ ಆಡು ಕೂಡ ಬಾಯಿ ಹಾಕುವುದಿಲ್ಲ. ಅರಣ್ಯ ಅಧಿಕಾರಿಗಳಿಗೆ ಒಂದು ಕಾಲಕ್ಕೆ ಅದು ಇಷ್ಟವಾದದ್ದೂ ಇದೇ ಕಾರಣಕ್ಕೆ: ಕಾವಲು ಬೇಕಿಲ್ಲ.

ಇನ್ನು ಕರಿಜಾಲಿ. ಎರಿಹೊಲದ ರೈತರು ಇದನ್ನು ಬದುವಿನ ಮೇಲೆ ಬಿಟ್ಟುಕೊಂಡು ಬಂದದ್ದು ಪರಿಸರ ಪ್ರೇಮದಿಂದಲ್ಲ. ಕುಂಟೆ, ನೇಗಿಲು, ಚಕ್ಕಡಿಗೆ ಅದರ ಕಟ್ಟಿಗೆಯಷ್ಟು ಗಟ್ಟಿ ಬೇರೆ ಸಿಗುತ್ತಿರಲಿಲ್ಲ. ತೊಗಟೆ ಚರ್ಮ ಹದ ಮಾಡಲು ಬೇಕಾಗಿತ್ತು. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕೊಲ್ಹಾಪುರಿ ಚಪ್ಪಲಿಯ ತಯಾರಿಕಾ ಪ್ರದೇಶದಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಆ ಚಪ್ಪಲಿಯ ಚರ್ಮಕ್ಕೆ ಬಣ್ಣ, ಬಾಳಿಕೆ ಎರಡನ್ನೂ ಕೊಡುತ್ತಿದ್ದುದು ಜಾಲಿಯ ತೊಗಟೆ ಮತ್ತು ಅಳಲೆಕಾಯಿ. ಬಾವಿಯ ಮೇಲೆ ಬಾಗಿದ ಜಾಲಿ ಕೊಂಬೆ ಕಂಡರೆ ಗೀಜಗ ಗೂಡು ನೇಯುತ್ತದೆ, ಕೆಳಗೆ ನೀರು, ಸುತ್ತ ಮುಳ್ಳು, ಹಾವಿಗೂ ಬರುವುದು ಕಷ್ಟ. ಕಟುಕ ಹಕ್ಕಿ ಮಿಡತೆ ಹಿಡಿದು ಇದೇ ಮುಳ್ಳಿಗೆ ಚುಚ್ಚಿಟ್ಟು ತಿನ್ನುತ್ತದೆ. ಕಂಟಿಗಳಲ್ಲಿ ಗೂಡು ಕಟ್ಟುವ ಕಡ್ಡಿಜೇನು ಸುತ್ತಲಿನ ಸೂರ್ಯಕಾಂತಿಗೂ ಬೀಜದ ಉಳ್ಳಾಗಡ್ಡಿಗೂ ಪರಾಗ ಮುಟ್ಟಿಸುತ್ತದೆ. ಬದು ಬೋಳಿಸಿ ಟ್ರ್ಯಾಕ್ಟರು ತಿರುಗಲು ಅನುಕೂಲ ಮಾಡಿಕೊಂಡ ರೈತ ಕಳೆದುಕೊಂಡದ್ದರಲ್ಲಿ ಇದೂ ಒಂದು.

ಬನ್ನಿಯ ವಿಷಯಕ್ಕೆ ಬಂದರೆ, ಉತ್ತರ ಕರ್ನಾಟಕದಲ್ಲಿ ಅದರ ಪರಿಚಯ ಮಾಡಿಕೊಡುವ ಅಗತ್ಯವೇ ಇಲ್ಲ. ವಿಜಯದಶಮಿಯ ಸಂಜೆ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದು ಹಿರಿಯರ ಕಾಲಿಗೆ ಬೀಳದ ಮನೆ ಈ ಸೀಮೆಯಲ್ಲಿ ಕಡಿಮೆ. ರಾಜಸ್ಥಾನದಲ್ಲಿ ಇದೇ ಖೇಜ್ರಿ, ಆ ರಾಜ್ಯದ ಮರ. 1730ರಲ್ಲಿ ಜೋಧಪುರದ ಹತ್ತಿರದ ಖೇಜರ್ಲಿಯಲ್ಲಿ ಬಿಷ್ಣೋಯಿ ಸಮುದಾಯದ 363 ಜನ ಈ ಮರಗಳನ್ನು ತಬ್ಬಿ ಪ್ರಾಣ ಕೊಟ್ಟರು. ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಮೇಲ್ಮಣ್ಣಿನ ತೇವಕ್ಕೆ ಬೆಳೆಯೊಡನೆ ಜಗಳಕ್ಕೆ ನಿಲ್ಲುವುದಿಲ್ಲ. ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುತ್ತದೆ. ಖೇಜ್ರಿಯ ಕೆಳಗೆ ಸಜ್ಜೆ ಚೆನ್ನಾಗಿ ಬರುತ್ತದೆಂದು ಅಲ್ಲಿನ ರೈತರು ಅದನ್ನು ಹೊಲದ ನಡುವೆಯೇ ಉಳಿಸಿಕೊಳ್ಳುತ್ತಾರೆ.

ಈ ಬನ್ನಿಯ ದಾಯಾದಿಯೇ ಬಳ್ಳಾರಿ ಜಾಲಿ. ಅದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯದು. 1877ರ ಹೊತ್ತಿಗೆ ಜಮೈಕಾದಿಂದ ಅದರ ಬೀಜ ತರಿಸಿ ಸಿಂಧ್ ಪ್ರಾಂತದಲ್ಲಿ ಬಿತ್ತಿದ್ದು ಅದರ ಭಾರತ ಪ್ರವೇಶ. ಸಸ್ಯಶಾಸ್ತ್ರಜ್ಞರು ಎರಡನ್ನೂ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರು, 2022ರಲ್ಲಿ ಬಳ್ಳಾರಿ ಜಾಲಿಯನ್ನು ನೆಲ್ಟುಮ ಎಂಬ ಬೇರೆ ಕುಲಕ್ಕೆ ವರ್ಗಾಯಿಸಿದರು. ನೆಲದ ಮೇಲಿನ ವ್ಯತ್ಯಾಸ ಅದಕ್ಕಿಂತ ಬಹಳ ಮೊದಲೇ ಜನರಿಗೆ ತಿಳಿದಿತ್ತು. ಬನ್ನಿಯ ಕೆಳಗೆ ಬೆಳೆ ಬರುತ್ತದೆ; ಬಳ್ಳಾರಿ ಜಾಲಿಯ ಕೆಳಗೆ ಹುಲ್ಲೂ ಬರುವುದಿಲ್ಲ. ಕಾಯಿ ಸಿಹಿ, ಕುರಿ ದನ ಇಷ್ಟಪಟ್ಟು ತಿನ್ನುತ್ತವೆ, ಹಿಕ್ಕೆ ಸೆಗಣಿಯ ಮೂಲಕ ಬೀಜ ಹೋದಲ್ಲೆಲ್ಲ ಮೊಳೆಯುತ್ತದೆ. ಕಡಿದರೆ ಬುಡದಿಂದ ಹತ್ತು ಚಿಗುರು. ಕೆರೆಯಂಗಳ, ಹಳ್ಳ, ಗಾಯರಾಣ ಎಲ್ಲ ಕಡೆ ಅದರದೇ ಕಾರುಬಾರು.

ಆದರೂ ಇದನ್ನು ಒಂದೇ ಏಟಿಗೆ ಬುಲ್ಡೋಜರ್ ಹಚ್ಚಿ ಎತ್ತಿಬಿಡಬೇಕೆಂಬ ಆವೇಶಕ್ಕೆ ಅರ್ಥವಿಲ್ಲ. ಹೊಲವಿಲ್ಲದ ಎಷ್ಟೋ ಮನೆಗಳ ಒಲೆ ಇದೇ ಕಟ್ಟಿಗೆಯಿಂದ ಉರಿಯುತ್ತದೆ, ಇದ್ದಿಲು ಸುಟ್ಟು ಮಾರುವವರೂ ಇದ್ದಾರೆ. ಕೀಳುವ ಮೊದಲು ಆ ಜಾಗಕ್ಕೆ ಏನು ಬರುತ್ತದೆ, ಒಲೆಗೆ ಏನು ಸಿಗುತ್ತದೆ ಎಂಬುದು ತೀರ್ಮಾನವಾಗಿರಬೇಕು. ಕಿತ್ತು ಖಾಲಿ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಅದೇ ಜಾಲಿ ಇಲ್ಲವೇ ಕಾಂಗ್ರೆಸ್ ಕಸ ಎದ್ದಿರುತ್ತದೆ.

ಕಿತ್ತು ಹಚ್ಚುವ ಕೆಲಸಕ್ಕೆ ಈ ನಾಡಿನಲ್ಲೇ ಒಂದು ಹಳೆಯ ದಾರಿ ಇದೆ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟುಹಾಕಿದವು. ಕಾರ್ಖಾನೆಗೆ ಬೇಕಾದ ತಿರುಳಿಗಾಗಿ ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ನೆಲದಲ್ಲಿ ನೀಲಗಿರಿಯಂಥ ಮರ ಬೆಳೆಸುವುದು ಯೋಜನೆ. ಆ ನೆಲವೂ ದಾಖಲೆಯಲ್ಲಿ ಬೀಳೇ. ಅಲ್ಲಿ ದನ ಮೇಯಿಸುತ್ತಿದ್ದ, ಕಟ್ಟಿಗೆ ಆರಿಸುತ್ತಿದ್ದ ಹಳ್ಳಿಗಳಿಗೆ ಅದು ಬೀಳಾಗಿರಲಿಲ್ಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್. ಆರ್. ಹಿರೇಮಠ ಮತ್ತು ಅವರ ಸಂಗಾತಿಗಳು ಹಳ್ಳಿ ಹಳ್ಳಿ ತಿರುಗಿದರು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೂ ದನಗಳಿಗೂ ಬೇಕಾದ ಗಿಡ ಹಚ್ಚಿದರು. ಸತ್ಯಾಗ್ರಹಕ್ಕೆ ಅವರಿಟ್ಟ ಹೆಸರು ಕಿತ್ತಿಕೋ–ಹಚ್ಚಿಕೋ. 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಆ ಹೋರಾಟವನ್ನು ನೀಲಗಿರಿ ವಿರೋಧಿ ಚಳವಳಿ ಎಂದಷ್ಟೇ ನೆನೆಯುವುದು ವಾಡಿಕೆ. ಅದರ ಎರಡನೇ ಅರ್ಧವೇ ಇಲ್ಲಿ ಮುಖ್ಯ. ಯಾವ ಗಿಡ ಹಚ್ಚಬೇಕೆಂದು ಕಾರ್ಖಾನೆ, ಇಲಾಖೆ ಹೇಳುವುದಲ್ಲ, ಅದನ್ನು ಬಳಸುವವರು ಹೇಳಬೇಕು ಎಂದು ಕುಸನೂರಿನವರು ಕೈಯಾರೆ ತೋರಿಸಿದರು. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿ ಆದೇಶ ಮಾಡಿದ್ದು 2017ರಲ್ಲಿ, ಅಷ್ಟು ತಡವಾಗಿ.

ಕುಸನೂರು ಈಗ ಸೇರಿರುವ ಹಾವೇರಿ ಜಿಲ್ಲೆಯದೇ ಆದ ರಾಣೆಬೆನ್ನೂರಿನಲ್ಲಿ ತಡವಾದದ್ದರ ಬೆಲೆ ಕಾಣುತ್ತದೆ. 1974ರಲ್ಲಿ ಘೋಷಣೆಯಾದ 119 ಚದರ ಕಿಲೋಮೀಟರಿನ ಆ ಕೃಷ್ಣಮೃಗ ಧಾಮದ ದೊಡ್ಡ ಭಾಗ ನೀಲಗಿರಿ ನೆಡುತೋಪು. ಬಯಲಿನಲ್ಲಿ ಓಡಿ ಬದುಕುವ ಚಿಗರಿಗೆ ಮರಗಳ ಸಾಲಿನ ಕೆಳಗೆ ಮೇವಿಲ್ಲ. ಅದು ಪಕ್ಕದ ಹೊಲಕ್ಕೆ ಇಳಿಯುತ್ತದೆ, ರೈತ ಬಯ್ಯುತ್ತಾನೆ. ಒಂದು ಕಾಲಕ್ಕೆ ಅಲ್ಲಿ ಓಡಾಡುತ್ತಿದ್ದ ಹೆಬ್ಬಕ ಹಕ್ಕಿ ಈಗ ಅಲ್ಲಿ ಇಲ್ಲವೇ ಇಲ್ಲ.

ಕಲ್ಲುನೆಲದಲ್ಲಿ ದೇಸಿ ಗಿಡಗಳನ್ನು ಮರಳಿ ತರುವುದು ಆಗದ ಕೆಲಸವೇನಲ್ಲ ಎಂಬುದಕ್ಕೆ ಜೋಧಪುರದ ಮೆಹ್ರಾನ್‌ಗಢ ಕೋಟೆಯ ಬುಡ ನೋಡಬೇಕು. ಅಲ್ಲಿ ಸುಮಾರು 70 ಹೆಕ್ಟೇರ್ ಬಂಡೆನೆಲವನ್ನು ಬಳ್ಳಾರಿ ಜಾಲಿ ನುಂಗಿತ್ತು. ಅಲ್ಲಿನವರು ಅದಕ್ಕೆ ಬಾವಳಿಯಾ ಎನ್ನುತ್ತಾರೆ. 2006ರಲ್ಲಿ ಕೋಟೆಯ ಟ್ರಸ್ಟ್ ಈ ಜಾಗವನ್ನು ಸಸ್ಯಪ್ರೇಮಿ ಲೇಖಕ ಪ್ರದೀಪ್ ಕೃಷೆನ್ ಅವರ ಕೈಗೆ ಕೊಟ್ಟಿತು. ಮದ್ದು ಸಿಡಿಸುವಂತಿರಲಿಲ್ಲ, ಮೇಲೆ ಐತಿಹಾಸಿಕ ಕೋಟೆ. ವಿಷ ಸುರಿಯಲು ಮನಸ್ಸಿರಲಿಲ್ಲ. ಕೊನೆಗೆ ದಾರಿ ತೋರಿದವರು ಖಂಡವಾಲಿಯಾ ಎಂಬ ಕಲ್ಲು ಒಡೆಯುವ ಸಮುದಾಯದವರು. ಬಂಡೆಯನ್ನು ಕುಟ್ಟಿ, ಅದರ ಸದ್ದಿನಿಂದಲೇ ಬಿರುಕು ಎಲ್ಲಿದೆ ಎಂದು ಗುರುತಿಸಿ, ಸುತ್ತಿಗೆ ಉಳಿಯಿಂದ ಬೇರಿನ ಬುಡ ಕಿತ್ತರು. ಹಾಗೆ ಆದ ಕುಳಿಗಳೇ ಹೊಸ ಗಿಡದ ಗುಂಡಿಗಳಾದವು. ಅಲ್ಲಿಗೆ ಥಾರ್ ಸೀಮೆಯ ಕಳ್ಳಿ, ಗೊಂದಿನ ಜಾಲಿ, ಹುಲ್ಲುಗಳು ಬಂದವು. ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ ಎಂಬ ಹೆಸರಿನಲ್ಲಿ ಈಗ ಅಲ್ಲಿಗೆ ಜನ ಟಿಕೆಟ್ ಕೊಟ್ಟು ಹೋಗುತ್ತಾರೆ, ಮುಳ್ಳುಕಂಟಿ ನೋಡಲು.

ತೊರಗಲ್ ಕೋಟೆಯ ಸುತ್ತ, ರಾಮದುರ್ಗದ ಗುಡ್ಡದ ಬದಿಯಲ್ಲಿ ಇಂಥದ್ದೊಂದನ್ನು ಕಲ್ಪಿಸಿಕೊಳ್ಳಲು ಹೆಚ್ಚು ಕಷ್ಟಪಡಬೇಕಿಲ್ಲ. ಕಲ್ಲಿನ ಕೆಲಸ ಬಲ್ಲವರು ಈ ಕಡೆಯೂ ಇದ್ದಾರೆ. ರಾಜ್ಯದ ಅರಣ್ಯ ಇಲಾಖೆಗೆ ಸಾಲುಮರದ ತಿಮ್ಮಕ್ಕನ ಹೆಸರಿನ ವೃಕ್ಷೋದ್ಯಾನಗಳ ಯೋಜನೆಯೇ ಇದೆ. ಆ ಉದ್ಯಾನಗಳಲ್ಲಿ ಒಂದು ಮೂಲೆಯನ್ನಾದರೂ ಆಯಾ ತಾಲೂಕಿನ ಕಂಟಿ, ಹುಲ್ಲು, ಬಳ್ಳಿಗಳಿಗೆ ಮೀಸಲಿಟ್ಟರೆ, ಮಕ್ಕಳಿಗೆ ಜಿರಾಫೆಯ ಸಿಮೆಂಟ್ ಗೊಂಬೆಗಿಂತ ಪರಗಿ ಹಣ್ಣು ಹೆಚ್ಚು ಖುಷಿ ಕೊಟ್ಟೀತು.

ಇನ್ನೊಂದು ಮಾದರಿ ಕರ್ನಾಟಕದ ಗಡಿಗೆ ಹೊಂದಿದ ಹಳೆಯ ಅನಂತಪುರ ಜಿಲ್ಲೆಯದು. ಮಳೆಯ ಲೆಕ್ಕದಲ್ಲಿ ರಾಮದುರ್ಗಕ್ಕಿಂತ ಅದು ಇನ್ನೂ ಒಣ. ಚೆನ್ನೆಕೊತ್ತಪಲ್ಲಿಯ ಬಳಿ 1990ರಲ್ಲಿ ಶುರುವಾದ ತಿಂಬಕ್ಟು ಕಲೆಕ್ಟಿವ್ ಮೊದಲು ಕೊಂಡದ್ದು 32 ಎಕರೆ ಸವೆದ ನೆಲ. ಅವರ ಮುಖ್ಯ ಕೆಲಸ ನೆಡುವುದಾಗಿರಲಿಲ್ಲ, ಕಾಯುವುದಾಗಿತ್ತು: ಬೆಂಕಿ ಬೀಳದಂತೆ, ಕೊಡಲಿ ಬೀಳದಂತೆ, ಮೇಯಿಸುವುದಕ್ಕೆ ಒಂದು ಕಟ್ಟಳೆ ಇರುವಂತೆ. ಆಮೇಲೆ ಸುತ್ತಲಿನ ಹಳ್ಳಿಗಳು ಸೇರಿ ಕಲ್ಪವಲ್ಲಿ ಎಂಬ ಹೆಸರಿನಲ್ಲಿ ಸಾವಿರಾರು ಎಕರೆ ಗುಡ್ಡವನ್ನು ಹೀಗೇ ಕಾಯ್ದವು. ಈಚಲು ಬಂತು, ಹುಲ್ಲು ಬಂತು, ಹಳ್ಳಗಳಲ್ಲಿ ನೀರು ಹೆಚ್ಚು ದಿನ ನಿಂತಿತು. ಹುಲ್ಲನ್ನೇ ಹಳ್ಳಿಯವರು ಕುಯ್ದು ಮೇವಿಗೂ ಗುಡಿಸಲಿಗೂ ಒಯ್ದರು.

ಇದರ ಗುಟ್ಟು ಮಣ್ಣಿನೊಳಗಿದೆ. ಮೇಲೆ ಬೋಳಾಗಿ ಕಾಣುವ ಗುಡ್ಡದಲ್ಲೂ ಮುತ್ತಲ, ಬಾರಿ, ಕವಳಿಗಳ ಬೇರುಬುಡ ಬದುಕಿರುತ್ತದೆ. ಪ್ರತಿವರ್ಷ ಚಿಗುರುತ್ತದೆ, ಪ್ರತಿವರ್ಷ ಆಡು ಸವರುತ್ತದೆ ಇಲ್ಲವೇ ಬೆಂಕಿ ಸುಡುತ್ತದೆ. ಮೂರು ನಾಲ್ಕು ಮಳೆಗಾಲ ಉಸಿರಾಡಲು ಬಿಟ್ಟರೆ, ವರ್ಷಗಟ್ಟಲೆ ಹಳೆಯದಾದ ಆ ಬೇರು ಒಂದಾಳೆತ್ತರದ ಕಂಟಿಯನ್ನು ಎಬ್ಬಿಸಿ ನಿಲ್ಲಿಸುತ್ತದೆ. ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಸುರುಳಿ ಸುತ್ತಿಕೊಂಡ ಬೇರಿನ ಸಸಿ ಇದರ ಜೊತೆ ಸ್ಪರ್ಧಿಸಲಾರದು. ಜೆಸಿಬಿಯಿಂದ ಗುಡ್ಡಕ್ಕೆ ಸಾಲು ಸಾಲು ಟ್ರೆಂಚ್ ಹೊಡೆದು ಸಸಿ ನೆಡುವವರು ಮೊದಲು ಕೊಲ್ಲುವುದು ಈ ಬೇರುಗಳನ್ನೇ. ಹೀಗಾಗಿ ಗುಡ್ಡದ ಮಟ್ಟಿಗೆ ಹೇಳುವುದಾದರೆ ಮೊದಲ ಖರ್ಚು ಕಾವಲುಗಾರನ ಸಂಬಳಕ್ಕೆ ಹೋಗಬೇಕು, ಸಸಿಗಲ್ಲ. ಕುರಿಗಾರರನ್ನು ಹೊರಗಟ್ಟಿ ಬೇಲಿ ಹಾಕಿದರೆ ಆ ಬೇಲಿ ಆರು ತಿಂಗಳೂ ನಿಲ್ಲುವುದಿಲ್ಲ. ಗುಡ್ಡವನ್ನು ಪಾಲು ಮಾಡಿ ಸರದಿಯಂತೆ ಬಿಟ್ಟುಕೊಡುವ ಮಾತುಕತೆ ಅವರೊಡನೆಯೇ ಆಗಬೇಕು. ಜಾಲಿಕಾಯಿ ತಿಂದ ಆಡು ಉಗುಳಿದ, ಹಿಕ್ಕೆಯಲ್ಲಿ ಬಿಟ್ಟ ಬೀಜ ಬೇಗ ಮೊಳೆಯುತ್ತದೆಂಬುದು ಅವರಿಗೆ ಗೊತ್ತು. ಆಡಿನ ಹಟ್ಟಿಯಿಂದ ಆರಿಸಿದ ಕರಿಜಾಲಿ ಬೀಜಕ್ಕೆ ಬಿಸಿನೀರಿನ ಉಪಚಾರವೂ ಬೇಡ.

ಊರೊಳಗೆ ಲೆಕ್ಕ ಬೇರೆ. ಅಂಗಳ, ಶಾಲೆಯ ಆವರಣ, ತಾಲೂಕು ಕಚೇರಿಯ ಮುಂದಿನ ಜಾಗ, ರಸ್ತೆಯ ಬದಿ ಇಲ್ಲೆಲ್ಲ ನೆಡಲೇಬೇಕು, ನೆರಳೂ ಬೇಕು, ಚೆಂದವೂ ಬೇಕು. ಎಷ್ಟು ಪಾಲು ದೇಸಿ ಇದ್ದರೆ ಸಾಕು ಎಂಬುದಕ್ಕೆ ಅಮೆರಿಕದಲ್ಲಿ ಒಂದು ಅಳತೆ ಸಿಕ್ಕಿದೆ. ಡಗ್ ಟ್ಯಾಲಮಿ ಎಂಬ ಕೀಟವಿಜ್ಞಾನಿ ಮತ್ತು ಸಂಗಡಿಗರು ವಾಷಿಂಗ್ಟನ್ ಸುತ್ತಲಿನ ಮನೆಗಳ ಕೈತೋಟಗಳಲ್ಲಿ ಚಿಕಡೀ ಎಂಬ ಪುಟ್ಟ ಹಕ್ಕಿಯ ಸಂಸಾರವನ್ನು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು: ತೋಟದ ಹಸಿರಿನಲ್ಲಿ ದೇಸಿ ಗಿಡಗಳ ಪಾಲು ನೂರಕ್ಕೆ 70ಕ್ಕಿಂತ ಕಡಿಮೆಯಾದರೆ ಆ ಹಕ್ಕಿಯ ಸಂತತಿ ಅಲ್ಲಿ ನಿಲ್ಲುವುದಿಲ್ಲ. ಮರಿಗಳಿಗೆ ಕೊಡಲು ಹುಳು ಸಾಲುವುದಿಲ್ಲ. ಒಂದು ಸಲದ ಮರಿಗಳು ಹಾರುವಷ್ಟರಲ್ಲಿ ಆ ಜೋಡಿ 6,000ದಿಂದ 9,000 ಹುಳು ಹಿಡಿದು ತರಬೇಕು! ಕಾಳು ತಿಂದು ಬದುಕುವ ನಮ್ಮ ಗುಬ್ಬಚ್ಚಿಯೂ ಮರಿಗೆ ಉಣಿಸುವುದು ಹೆಚ್ಚಾಗಿ ಹುಳುವನ್ನೇ. ನೂರಕ್ಕೆ 30 ಪಾಲು ಮಲ್ಲಿಗೆ, ಗುಲಾಬಿ, ಪೇರಲಕ್ಕೆ ಬಿಟ್ಟುಕೊಟ್ಟರೂ ಅಂಗಳ ಬಡವಾಗುವುದಿಲ್ಲ.

ರಾಮದುರ್ಗದ ಸಣ್ಣ ಅಂಗಳಕ್ಕೆ ಒಂದು ಕಕ್ಕೆ ಗಿಡ ಸಾಕು; ಏಪ್ರಿಲ್–ಮೇ ತಿಂಗಳ ಬಿಸಿಲಲ್ಲಿ ಹಳದಿ ಗೊಂಚಲು ಇಳಿಬಿಡುವ ಅದರ ಮುಂದೆ ಗುಲ್‌ಮೊಹರ್ ಏನೂ ಹೆಚ್ಚಲ್ಲ. ಕಾಂಪೌಂಡಿನ ಪಕ್ಕಕ್ಕೆ ಆವರಿಕೆ, ಕತ್ತರಿಸಿದಂತೆಲ್ಲ ದಟ್ಟವಾಗುವ ಬಂದರಿಕೆ. ಬೇಲಿಯ ಮೇಲೆ ಅಮೃತಬಳ್ಳಿ, ಕಾಡುತೊಂಡೆ, ಮಂಗರವಳ್ಳಿ. ರಸ್ತೆಯ ಬದಿಗೆ ಬೇವು, ಹೊಂಗೆ, ಆಲ, ಅರಳಿ. ಹಳಬರು ಸುಮ್ಮನೆ ಇವನ್ನು ಆರಿಸಿರಲಿಲ್ಲ. ಶಾಲೆಗಳಿಗೆ ಬಾರಿ, ಬಳೂಲ, ನೇರಳೆ. ದೇಸಿ ಎಂಬ ಮಾತಿಗೂ ಒಂದು ಗಡಿ ಉಂಟು ಎಂಬುದನ್ನು ಇಲ್ಲಿ ನೆನಪಿಡಬೇಕು. ಖಾನಾಪುರದ ಕಾಡಿನ ಮರ ಬೆಳಗಾವಿ ಜಿಲ್ಲೆಯದೇ ಆದರೂ ರಾಮದುರ್ಗದ ಮಡ್ಡಿಯಲ್ಲಿ ಅದಕ್ಕೆ ಟ್ಯಾಂಕರ್ ನೀರೇ ಗತಿ. ಈಚೆಗೆ ಎಲ್ಲೆಡೆ ಹಬ್ಬಿರುವ ಮಿಯಾವಾಕಿ ಪದ್ಧತಿಯ ಕಿರುಕಾಡುಗಳದ್ದೂ ಇದೇ ತೊಡಕು. ಜಪಾನಿನ ಅಕಿರ ಮಿಯಾವಾಕಿ ಆ ವಿಧಾನವನ್ನು ರೂಪಿಸಿದ್ದು ತಾನಾಗಿ ದಟ್ಟ ಕಾಡು ಬೆಳೆಯುವ ತೇವದ ನಾಡಿಗೆ. ಚದರ ಮೀಟರಿಗೆ ಮೂರು ನಾಲ್ಕು ಸಸಿ ಒತ್ತೊತ್ತಾಗಿ ನೆಟ್ಟು, ಎರಡು ಮೂರು ವರ್ಷ ನೀರುಣಿಸಿ ಎಬ್ಬಿಸಿದ ಕಾಡು ರಾಮದುರ್ಗದ ಬಿಸಿಲಿಗೆ ಹೊಂದುವ ರೂಪವಲ್ಲ, ಇಲ್ಲಿನ ಹಕ್ಕಿಗಳಲ್ಲಿ ಬಹಳಷ್ಟಕ್ಕೆ ಅದು ಬೇಕಾಗಿಯೂ ಇಲ್ಲ. ಬಯಲಿನಲ್ಲಿ ಒಂಟಿ ಜಾಲಿಯ ತುದಿಗೆ ಕೂತು ಮಿಡತೆಗೆ ಹೊಂಚುಹಾಕುವ ನೀಲಕಂಠಕ್ಕೆ, ರಾಜ್ಯದ ಹಕ್ಕಿಗೆ, ಬೇಕಾದದ್ದು ತೆರವು.

ಹೊಳೆಯ ದಂಡೆ ಮಾತ್ರ ಮರಗಳನ್ನು ಕೇಳುತ್ತದೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ ರಾಮದುರ್ಗವನ್ನೂ ಕೆಳಗಿನ ಹಳ್ಳಿಗಳನ್ನೂ ಮುಳುಗಿಸಿದ್ದನ್ನು ಯಾರೂ ಮರೆತಿಲ್ಲ. ದಂಡೆಯ ಗಿಡಗಳು ಅಂಥ ಮಹಾಪೂರವನ್ನು ತಡೆಯುತ್ತವೆಂದು ಹೇಳುವುದು ಉತ್ಪ್ರೇಕ್ಷೆ. ಹೊಲದ ಮಣ್ಣು ಹೊಳೆಪಾಲಾಗುವುದನ್ನು ತಗ್ಗಿಸುತ್ತವೆ ಎನ್ನಬಹುದು. ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿಗಳ ಬೇರು ಇಳಿದ ದಂಡೆಗೂ, ನೀರಿನ ಅಂಚಿನವರೆಗೆ ಕಬ್ಬು ಹಚ್ಚಿದ ದಂಡೆಗೂ ಇರುವ ವ್ಯತ್ಯಾಸ ಪೂರ ಇಳಿದ ಮರುದಿನವೇ ಕಾಣುತ್ತದೆ. ಹಳ್ಳಗಳ ಬದಿಗೆ ಲಕ್ಕಿ ಸಾಕು, ಕೊಂಬೆ ಊರಿದರೂ ಹತ್ತುತ್ತದೆ.

ಹೊಲದ ಬದುವಿಗೆ ಹಚ್ಚುವವರಿಗೆ ದುಡ್ಡೂ ಉಂಟು. 2011–12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಅರಣ್ಯ ಇಲಾಖೆ ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ಕೊಡುತ್ತದೆ. ನೆಟ್ಟದ್ದಕ್ಕಲ್ಲದೆ ಉಳಿದದ್ದಕ್ಕೆ ಹಣ ಕೊಡುವ ಈ ಲೆಕ್ಕ ಎಲ್ಲ ಸಸಿ ಹಬ್ಬಗಳಿಗೂ ಅನ್ವಯಿಸಿದ್ದರೆ ಫೋಟೊಗಳು ಕಡಿಮೆಯಾಗಿ ಗಿಡಗಳು ಹೆಚ್ಚಾಗುತ್ತಿದ್ದವು.

ತೊಡಕಿರುವುದು ಸಸಿ ಸಿಗುವುದರಲ್ಲಿ. ಬೇವು, ಹೊಂಗೆ, ಹೆಬ್ಬೇವು, ಸಾಗವಾನಿ ಕೇಳಿದರೆ ನರ್ಸರಿಯವರು ಕೊಡುತ್ತಾರೆ. ಕವಳಿ, ಪರಗಿ, ಆವರಿಕೆ, ಬನ್ನಿ ಕೇಳಿದರೆ ಮುಖ ನೋಡುತ್ತಾರೆ. ಕೇಳುವವರಿಲ್ಲದ್ದನ್ನು ಅವರಾದರೂ ಏಕೆ ಬೆಳೆಸಿಯಾರು? ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ, 2024ರ ಡಿಸೆಂಬರಿನಲ್ಲಿ ತೀರಿಕೊಂಡ ಆ ಹಾಲಕ್ಕಿ ಹೆಣ್ಣುಮಗಳು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ ಕಲಿತದ್ದೂ ಕಲಿಸಿದ್ದೂ ಇದನ್ನೇ: ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕು. ಆಕೆಯ ವಿದ್ಯೆ ಪಶ್ಚಿಮಘಟ್ಟದ ಮರಗಳದ್ದು. ಮುಳ್ಳುಕಂಟಿಗಳ ಅಂಥ ವಿದ್ಯೆ ರಾಮದುರ್ಗದ ಕುರಿಗಾರರ, ಹೊಲಕ್ಕೆ ಹೋಗುವ ಹೆಣ್ಣುಮಕ್ಕಳ ಬಳಿ ಇದೆ. ಸ್ವಸಹಾಯ ಸಂಘವೊಂದು ಬಯಲುಸೀಮೆಯ ಕಂಟಿಗಳ ಸಣ್ಣ ನರ್ಸರಿ ನಡೆಸಿದರೆ ಮೊದಲ ಗಿರಾಕಿ ಪಂಚಾಯತಿಯೇ ಆಗಬಹುದು, ಉದ್ಯೋಗ ಖಾತರಿಯ ಸಸಿಗಳನ್ನು ಹೇಗೂ ಎಲ್ಲಿಂದಲೋ ತರಲೇಬೇಕಲ್ಲ.

ಆ ನರ್ಸರಿಯ ಕೆಲಸ ಜೂನಿನಲ್ಲಲ್ಲ, ಡಿಸೆಂಬರಿನಲ್ಲಿ ಶುರುವಾಗುತ್ತದೆ. ಬಾರಿ, ಪರಗಿಯ ಬೀಜ ಚಳಿಗಾಲದಲ್ಲಿ ಆರಿಸಿ, ಗಟ್ಟಿ ಓಟೆಯನ್ನು ಹಗುರವಾಗಿ ಬಿರುಕು ಬಿಡಿಸಿ ಬಿತ್ತಬೇಕು. ಆವರಿಕೆಯ ಒಣಗಿದ ಕಾಯಿಯೂ ಅದೇ ಹೊತ್ತಿಗೆ ಸಿಗುತ್ತದೆ. ಜಾಲಿಕಾಯಿ ಬೇಸಿಗೆಗೆ ಉದುರುತ್ತವೆ. ಕಾರಹುಣ್ಣಿಮೆಯ ಆಸುಪಾಸಿಗೆ ಮುತ್ತಲದ ಚಪ್ಪಟೆ ಬೀಜ ಗಾಳಿಗೆ ಹಾರಿ ಬಿದ್ದಿರುತ್ತದೆ. ಗುಂಡಿಯನ್ನು ರೋಹಿಣಿ ಮಳೆಗೆ ಮೊದಲೇ ತೋಡಿ ಬಿಸಿಲಿಗೆ ಬಿಟ್ಟಿರಬೇಕು, ಮಿರಗದ ಮಳೆ ನೆಲಕ್ಕಿಳಿದ ಮೇಲೆ ಅರ್ಧ ಮೊಳದ ಸಸಿ ಹಚ್ಚಿ, ಬುಡಕ್ಕೆ ಕಲ್ಲು ಹೊಂದಿಸಿ, ಸುತ್ತ ಬಾರಿಮುಳ್ಳು ಒತ್ತಬೇಕು. ಎತ್ತರದ ಸಸಿ ನೋಡಲು ಚೆಂದ, ಆದರೆ ಮೊದಲ ಬೇಸಿಗೆಯಲ್ಲಿ ಒಣಗುವುದು ಹೆಚ್ಚಾಗಿ ಅದೇ. ಬೇವಿನದು ಮಾತ್ರ ಅವಸರದ ಕೆಲಸ: ಜೂನ್–ಜುಲೈಯಲ್ಲಿ ಹಣ್ಣು ಉದುರಿದ ಎರಡು ಮೂರು ವಾರದೊಳಗೆ ಬಿತ್ತದಿದ್ದರೆ ಬೀಜ ಸಾಯುತ್ತದೆ, ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿ ತುಂಬಿಟ್ಟು ಪ್ರಯೋಜನವಿಲ್ಲ.